ಕೆಂಚಿಗೆ ಉಣ್ಣೆ ಹತ್ತಿದ ಬೇಸಿಗೆ

ಹೋದ ವಾರ ರಾಮನಗರದ ಮಾರ್ಕೆಟ್ಟಿನಲ್ಲಿ ನಮ್ಮ ರೇಷ್ಮೆ ಗೂಡು ಹರಾಜಾದ ಮೇಲೆ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ರಸ್ತೆ ದಾಟಿ ಒಂದು ಗೊಬ್ಬರದ ಅಂಗಡಿಗೆ ಹೋದೆ. ಹುಳದ ಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಬೇಕಿತ್ತು. ಅಂಗಡಿಯವರು ಮೇಲಿನ ಹಲಗೆಯಿಂದ ಪೌಡರಿನ ಚೀಲ ಎಳೆಯುವಾಗ ಪಕ್ಕದಲ್ಲಿದ್ದ ಔಷಧಿ ಬಾಟಲಿಯೊಂದು ಉರುಳಿ ಬಿದ್ದು ಮುಚ್ಚಳ ಬಿಟ್ಟುಕೊಂಡಿತು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಬಡಿಯಿತು. ಪೌಡರೂ ಬೇಡ ಏನೂ ಬೇಡ ಎಂದು ಆಚೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಗಡಿಯವರು ಪಾಪ ನೀರು ತಂದುಕೊಟ್ಟು, "ಬಿಪಿ ಐತಾ ಮೇಡಂ?" ಅಂದರು. ಬಿಪಿಯಲ್ಲ ಕಣಪ್ಪಾ, ಕೆಂಚಿ ಅಂತ ಒಂದು ನಾಯಿ ಎಂದು ಅವರಿಗೆ ಹೇಗೆ ಹೇಳಲಿ? ಇದೆ ಎಂದು ತಲೆಯಾಡಿಸಿ ನೀರು ಕುಡಿದೆ.

ನಾನು ಮಾಗಡಿ ಕಡೆಯವಳು. ನಮ್ಮಪ್ಪನಿಗೆ ನಾಯಿ ಎಂದರೆ ಪ್ರಾಣಭಯ. ಎದುರಿಗೆ ನಾಯಿ ಬಂದರೆ ಗದ್ದೆಗಿಳಿದು ಸುತ್ತು ಹಾಕಿಕೊಂಡು ಮನೆಗೆ ಬರುತ್ತಿದ್ದ ಮನುಷ್ಯ. ಅಂಥವರ ಮಗಳನ್ನು ಚನ್ನಪಟ್ಟಣ ತಾಲೂಕಿನಲ್ಲಿ, ಹೊಂಗನೂರಿನಿಂದ ಮೂರು ಮೈಲಿ ಒಳಗಿರುವ ಊರಿಗೆ, ಅದೂ ಮೊಲದ ಬೇಟೆಗೆ ನಾಯಿ ಸಾಕುವ ಮನೆಗೆ ಕೊಟ್ಟರು. ಹೆಣ್ಣು ನೋಡಲು ಬಂದಾಗ ರೇಷ್ಮೆಯ ಸುದ್ದಿ ಬಂತು, ಬೋರ್‌ವೆಲ್ ಸುದ್ದಿ ಬಂತು, ನಮ್ಮ ಮನೆಯವರ ಬಿಡದಿ ಕಾರ್ಖಾನೆ ಕೆಲಸದ ಸುದ್ದಿಯಂತೂ ಮೂರು ಸಲ ಬಂತು. ನಾಯಿಯ ಸುದ್ದಿ ಮಾತ್ರ ಒಬ್ಬರೂ ಎತ್ತಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮ ಮನೆಯವರು ಶಿಫ್ಟಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದುದು ನಾನು, ಮಾವ, ಹುಳದ ಮನೆ ಮತ್ತು ನಾಯಿ.

ಮಾವನ ಹೆಸರು ಬೋರೇಗೌಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು. ಹದಿನಾರನೇ ವಯಸ್ಸಿನಿಂದ ಬೇಟೆಗೆ ಹೋದವರು. ನಾನು ಬರುವ ಹೊತ್ತಿಗೆ ಮಂಡಿ ಸವೆದು ಓಡಲಾಗುತ್ತಿರಲಿಲ್ಲ. ಆದರೂ ಕೆರೆ ಏರಿಯ ಮೇಲೆ ನಿಂತು, ಪೊದೆ ಯಾವುದು, ಗಾಳಿ ಎತ್ತ ಎಂದು ಕೂಗಿ ಹೇಳುವುದು ಅವರೇ. ಮೊಲ ಹಿಡಿಯುವುದು ಕಾನೂನಿಗೆ ವಿರುದ್ಧ ಅನ್ನುವುದು ಆಗಲೂ ಎಲ್ಲರಿಗೂ ಗೊತ್ತಿತ್ತು. ಫಾರೆಸ್ಟಿನವರು ಬಂದರೆ ನಾಯಿಗಳೆಲ್ಲ ದಿಢೀರನೆ ಮನೆ ಕಾಯುವ ನಾಯಿಗಳಾಗುತ್ತಿದ್ದವು. ನಾನು ಅದನ್ನು ಸರಿ ಎಂದು ವಾದಿಸಲು ಕೂತಿಲ್ಲ. ಈಗ ನಮ್ಮೂರಲ್ಲಿ ಯಾರೂ ಹೋಗುವುದಿಲ್ಲ, ಹೋಗದಿರುವುದೇ ಒಳ್ಳೆಯದು. ಆಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಕೆಂಚಿಯನ್ನು ಮಾವ ಕನಕಪುರದ ಸಾತನೂರು ಕಡೆಯಿಂದ ತಂದದ್ದು, ನನ್ನ ಮದುವೆಯಾದ ವರ್ಷವೇ. ಅಂಗೈಯಗಲದ ಕೆಂಪು ಮರಿ, ಹೊಟ್ಟೆ ಬೆನ್ನಿಗಂಟಿತ್ತು. ಮೂರನೇ ದಿನ ಬೆಳಿಗ್ಗೆ ಅವರು ಹೊಸ ಬ್ಲೇಡು ತಂದು, ಮರಿಯನ್ನು ತೊಡೆಯ ನಡುವೆ ಅಮುಕಿಕೊಂಡು, ಎರಡೂ ಕಿವಿಯ ತುದಿ ಕೊಯ್ದು, ಬೂದಿ ಅರಿಶಿನ ಮೆತ್ತಿದರು. ಪೊದೆಯಲ್ಲಿ ನುಗ್ಗುವಾಗ ಮುಳ್ಳಿಗೆ ಸಿಕ್ಕಿ ಕಿವಿ ಹರಿಯಬಾರದಂತೆ. ಆಮೇಲೆ ಆ ಕೊಯ್ದ ಚೂರುಗಳನ್ನು ಒಲೆಯ ಕೆಂಡದಲ್ಲಿ ಸುಟ್ಟು, ಮುದ್ದೆಯ ಚೂರಿನಲ್ಲಿ ಹುದುಗಿಸಿ ಆ ಮರಿಗೇ ತಿನ್ನಿಸಿದರು. ನನ್ನ ಕೈಲಿದ್ದ ಚೊಂಬು ಕೆಳಗೆ ಬಿತ್ತು.

"ಯಾಕವ್ವ ಸಾವಿತ್ರಿ, ಹಂಗ್ ನೋಡ್ತಿದ್ದೀಯ? ತನ್ ಮಾಂಸ ತಾನೇ ತಿಂದ ನಾಯ್ಗೆ ಆಮ್ಯಾಕೆ ಯಾವ್ ನೋವೂ ನೋವಲ್ಲ ಕಣವ್ವ" ಅಂದರು ಮಾವ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ನಾನು ಆ ಮಧ್ಯಾಹ್ನ ಊಟ ಮಾಡಲಿಲ್ಲ. ಮರಿ ಮಾತ್ರ ಬಾಲ ಅಲ್ಲಾಡಿಸಿಕೊಂಡು ಇನ್ನೊಂದು ತುತ್ತಿಗೆ ಬಾಯಿ ಬಿಟ್ಟಿತ್ತು.

ಬೇಟೆಗೆ ಬಿಡುವುದು ಗಂಡಸರ ಕೆಲಸ, ಸಾಕುವುದು ಹೆಂಗಸರ ಕೆಲಸ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನ್ನ ತಲೆಗೆ ಬಂತು ಅಷ್ಟೆ. ನಾಯಿಯನ್ನು ಕಂಡರೆ ಓಡುತ್ತಿದ್ದವಳು ಆರು ತಿಂಗಳಲ್ಲಿ ನಾಯಿ ಡಾಕ್ಟರಾದೆ. ಬೆಳಿಗ್ಗೆ ರಾಗಿ ಅಂಬಲಿ, ಸಂಜೆ ಉಪ್ಪಿಲ್ಲದ ಮುದ್ದೆಗೆ ಮಜ್ಜಿಗೆ. ಬೇಟೆಯ ಹಿಂದಿನ ದಿನ ಅರೆಹೊಟ್ಟೆ, ಯಾಕೆಂದರೆ ಹೊಟ್ಟೆ ತುಂಬಿದ ನಾಯಿ ಪೊದೆಯ ನೆರಳಲ್ಲಿ ಮಲಗುತ್ತದೆ. ಬೇಟೆಯಿಂದ ಬಂದ ಕೂಡಲೇ ನೀರು ಕೊಡಬಾರದು, ಏದುಸಿರು ಇಳಿಯಬೇಕು. ಆಮೇಲೆ ಕಾಲು. ಉಗುರುಬೆಚ್ಚನೆ ಉಪ್ಪುನೀರಲ್ಲಿ ಒಂದೊಂದೇ ಕಾಲನ್ನು ಅದ್ದಿ, ಬೆರಳ ಸಂದಿಯ ಜಾಲಿ ಮುಳ್ಳನ್ನು ಪಿನ್ನಿನಲ್ಲಿ ತೆಗೆದು, ಪಾದಕ್ಕೆ ಹರಳೆಣ್ಣೆ ಅರಿಶಿನ ಸವರಬೇಕು. ಕೆಂಚಿ ಮುಳ್ಳು ತೆಗೆಯುವಾಗ ಕುಂಯ್ ಅನ್ನುತ್ತಿರಲಿಲ್ಲ, ನನ್ನ ಮೊಣಕೈಯನ್ನು ಹಲ್ಲಿನ ನಡುವೆ ಮೆತ್ತಗೆ ಹಿಡಿದುಕೊಂಡಿರುತ್ತಿತ್ತು. ಕಚ್ಚುತ್ತಿರಲಿಲ್ಲ. ನೋವಾದರೆ ಹಿಡಿತ ಒಸಿ ಬಿಗಿಯಾಗುತ್ತಿತ್ತು, ಅದರಿಂದಲೇ ನನಗೆ ಗೊತ್ತಾಗುತ್ತಿತ್ತು.

ಸಿಕ್ಕಿದ್ದನ್ನು ಹಂಚುವಾಗ ನಾಯಿಗೂ ಒಬ್ಬ ಆಳಿನಷ್ಟೇ ಒಂದು ಪಾಲು. ನಮ್ಮ ಮನೆಯಿಂದ ಓಡುವ ಗಂಡಸು ಯಾರೂ ಇಲ್ಲದಿದ್ದರೂ ಕೆಂಚಿಯ ಪಾಲು ನೇರ ನನ್ನ ಕೈಗೆ ಬರುತ್ತಿತ್ತು. "ಸಾವಿತ್ರಕ್ಕ, ನಿಮ್ ಹುಡುಗಿ ದುಡ್ದಿದ್ದು ತಗೊಳ್ಳಿ" ಎಂದು ಬಾಗಿಲಿಗೆ ತಂದುಕೊಡುತ್ತಿದ್ದರು. ನಾನು ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಒಂದು ಸಲ ಮಾತ್ರ ಸೊಪ್ಪು ಕೊಯ್ಯುತ್ತಿದ್ದಾಗ ನಮ್ಮ ತೋಟದ ಬದುವಿನ ಪಕ್ಕದಲ್ಲೇ ಕೆಂಚಿ ಮೊಲ ಹಿಡಿಯಿತು. ಮೊಲಕ್ಕೆ ದನಿಯಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅದು ಎಳೇ ಮಗು ಕಿರುಚಿದ ಹಾಗೆ ಕಿರುಚಿತು. ನಾನು ಕುಡುಗೋಲು ಬಿಟ್ಟು ಕಿವಿ ಮುಚ್ಚಿಕೊಂಡೆ. ಕೆಂಚಿ ಅದನ್ನು ಹಿಡಿದುಕೊಂಡು ನನ್ನ ಹತ್ತಿರವೇ ಬಂದು, ನನ್ನ ಕಾಲ ಬಳಿ ಇಟ್ಟು, ಮೆಚ್ಚುಗೆಗೆ ಕಾಯುತ್ತಾ ಕೂತಿತು. ಆವತ್ತಿನಿಂದ ಪಾಲು ಬಂದರೆ ಬೇಯಿಸಿ ಬಡಿಸುತ್ತಿದ್ದೆ, ನಾನು ತಿನ್ನುತ್ತಿರಲಿಲ್ಲ.

ಇನ್ನು ಪಕ್ಕದ ಮನೆಯ ವಿಷಯ ಹೇಳಬೇಕು. ನಮ್ಮ ಹಿತ್ತಲಿಗೂ ಮಾವನ ತಮ್ಮ ಪುಟ್ಟಸ್ವಾಮಿಯವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ನನಗೆ ಅವರು ಚಿಕ್ಕಮಾವ, ಆದರೆ ಹಾಗೆ ಕರೆಯುವ ಯೋಗವೇ ಇರಲಿಲ್ಲ, ನಾನು ಬರುವ ಹೊತ್ತಿಗೇ ಎರಡು ಮನೆಗೂ ಮಾತು ಬಿಟ್ಟು ಏಳು ವರ್ಷಗಳಾಗಿದ್ದವು. ಕಾರಣ ದಾಸ. ದಾಸ ಅನ್ನುವುದು ಕೆಂಚಿಗೆ ಮೊದಲು ಇದ್ದ ನಾಯಿ. ಒಂದು ದಿನ ಇದ್ದಕ್ಕಿದ್ದಂತೆ ಬಾಯಲ್ಲಿ ನೊರೆ ಬಂದು, ಕೈಕಾಲು ಸೆಟೆದು ಸತ್ತುಹೋಯಿತಂತೆ. ದಾಸ ಅಂಗಳದಲ್ಲಿ ಬಿದ್ದು ಎರಡು ನಿಮಿಷವಾಗಿರಲಿಲ್ಲ, ಚಿಕ್ಕಮಾವ ವಿಷಕ್ಕೆ ಕುಡಿಸುವ ಹುಣಿಸೆಹಣ್ಣಿನ ನೀರಿನ ಚೊಂಬು ಹಿಡಿದುಕೊಂಡು, "ತೊಳೀರಿ, ಮೊದ್ಲು ತೊಳೀರಿ" ಎಂದು ಕೂಗುತ್ತಾ ಓಡಿ ಬಂದರಂತೆ. ಕರೆಯದೆ ಬಂದವನಿಗೆ ನಾಯಿ ವಿಷ ತಿಂದದ್ದು ಹೇಗೆ ಗೊತ್ತಾಯಿತು? ಇದು ಮಾವನ ಪ್ರಶ್ನೆ. ಚಿಕ್ಕಮಾವನ ನಾಯಿ ಯಾವತ್ತೂ ದಾಸನ ಹಿಂದೆಯೇ ಉಳಿಯುತ್ತಿತ್ತು, ಹೊಟ್ಟೆಕಿಚ್ಚಿಗೆ ವಿಷ ಹಾಕಿದ, ಆಮೇಲೆ ಹೆದರಿ ಮದ್ದು ತಂದ. ಇದು ಮಾವನ ಉತ್ತರ. ಚಿಕ್ಕಮಾವ ಆ ಮಾತಿಗೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ಮನಿದ್ದದ್ದೇ ತಪ್ಪೊಪ್ಪಿಗೆ ಎಂದು ಊರೂ ತೀರ್ಮಾನ ಮಾಡಿಬಿಟ್ಟಿತು.

ನಮ್ಮ ಮದುವೆಗೆ ಅವರನ್ನು ಕರೆದಿರಲಿಲ್ಲ. ಅದು ಹೋಗಲಿ. ನಾನು ಬಂದ ಎರಡನೇ ವರ್ಷ, ಚಿಕ್ಕಮಾವನ ಮನೆಯಲ್ಲಿದ್ದ ಅಜ್ಜಿ, ಅಂದರೆ ಅವರಿಬ್ಬರ ತಾಯಿ, ತೀರಿಕೊಂಡರು. ಹನ್ನೊಂದನೇ ದಿನದ ತಿಥಿಗೆ ಒಂದೇ ಬೀದಿಯಲ್ಲಿ ಎರಡು ಶಾಮಿಯಾನ ಹಾಕಿದರು. ಒಬ್ಬಳೇ ತಾಯಿಗೆ ಎರಡು ಕಡೆ ಎಡೆ, ಎರಡು ಕಡೆ ಅಡುಗೆ. ನೆಂಟರು ಈ ಶಾಮಿಯಾನದಲ್ಲಿ ಪಾಯಸ ಕುಡಿದು ಆ ಶಾಮಿಯಾನಕ್ಕೆ ಕೈ ಒರೆಸಿಕೊಂಡು ಹೋಗುತ್ತಿದ್ದರು. ಒಂದು ನಾಯಿಗಾಗಿ ಇಷ್ಟೆಲ್ಲ ಆಗಬಹುದೆಂದು ಮಾಗಡಿಯಲ್ಲಿ ಹೇಳಿದರೆ ನಮ್ಮಪ್ಪ ನಂಬಲಿಲ್ಲ.

ಅದು ನನಗೆ ಮದುವೆಯಾಗಿ ನಾಲ್ಕನೇ ಬೇಸಿಗೆ. ಶಿವರಾತ್ರಿ ಕಳೆದ ಮೇಲೆ ಮಳೆಯ ಸುಳಿವೇ ಇಲ್ಲದೆ, ಬೆಳಿಗ್ಗೆ ಒಂಬತ್ತಕ್ಕೇ ಹೆಂಚು ಕಾದಂಥ ನೆಲ. ಅಂಥ ಒಣ ಬಿಸಿಲಲ್ಲಿ ದನಕ್ಕೂ ನಾಯಿಗೂ ಉಣ್ಣೆ ಹತ್ತುತ್ತದೆ. ಕೆಂಚಿಗೆ ಆ ಸಲ ಹತ್ತಿದ್ದು ಮಾತ್ರ ವಿಪರೀತ. ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಹರಳು ಬೀಜದ ಹಾಗೆ ಊದಿಕೊಂಡ ಉಣ್ಣೆಗಳು. ಯುಗಾದಿಯ ಮಾರನೇ ದಿನ ಹೊಸತೊಡಕು, ವರ್ಷದ ದೊಡ್ಡ ಬೇಟೆ. "ಹೊಸ್ತೊಡಕ್ಗೆ ನಾಕೇ ದಿನ ಐತೆ ಕಣವ್ವ, ರಕ್ತ ಎಲ್ಲ ಉಣ್ಣೆ ಕುಡುದ್ರೆ ಅದೇನ್ ಓಡದು" ಅಂದರು ಮಾವ. ನಾನು ದಿನಾ ಕೂತು ಒಂದೊಂದಾಗಿ ಕಿತ್ತು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುತ್ತಿದ್ದೆ. ನೂರು ಕಿತ್ತರೆ ಮಾರನೇ ದಿನ ಇನ್ನೂರು.

ಮಾವನ ಹಳೇ ಮದ್ದು ಹೊಗೆಸೊಪ್ಪು ಕುದಿಸಿದ ನೀರು. ಅದನ್ನು ಮನೆಗೆ ಬರಗೊಡದವಳು ನಾನೇ. ರೇಷ್ಮೆ ಹುಳಕ್ಕೆ ಹೊಗೆಸೊಪ್ಪಿನ ಗಾಳಿ ತಾಗಿದರೂ ಸಾಕು, ಕಕ್ಕಿಕೊಂಡು ಸಾಯುತ್ತವೆ. ಮಾವನ ಬಾಯಲ್ಲಿನ ಹೊಗೆಸೊಪ್ಪನ್ನೂ ಬೀದಿಯಲ್ಲೇ ಉಗಿಸಿ, ಬಾಯಿ ಮುಕ್ಕಳಿಸಿದ ಮೇಲೆ ಒಳಕ್ಕೆ ಬಿಡುತ್ತಿದ್ದವಳು. ಎರಡು ದಿನಕ್ಕೆ ಹೊಸ ಮರಿಹುಳ ಬರುವುದಿತ್ತು, ಮನೆಯೆಲ್ಲ ತೊಳೆದಾಗಿತ್ತು. ಹೊಗೆಸೊಪ್ಪಿನ ಘಾಟು ಕೈಗೆ ಹತ್ತಿದರೆ ಮೂರು ದಿನ ಹೋಗುವುದಿಲ್ಲ, ಔಷಧಿಯಾದರೆ ಸೋಪಿನಲ್ಲಿ ಹೋಗುತ್ತದೆ ಅನ್ನುವುದು ನನ್ನ ಶಾಸ್ತ್ರ.

ಆ ಬೆಳಿಗ್ಗೆ ನಮ್ಮ ಮನೆಯವರು ದೂರದ ಹೊಲದ ಹಿಪ್ಪುನೇರಳೆಗೆ ಎಲೆ ಸುರುಳಿ ಹುಳದ ಔಷಧಿ ಹೊಡೆದು, ಟ್ಯಾಂಕನ್ನು ಹಿತ್ತಲಲ್ಲಿಟ್ಟು ಶಿಫ್ಟಿಗೆ ಹೊರಟುಹೋದರು. ಟ್ಯಾಂಕಿನ ತಳದಲ್ಲಿ ಮೂರು ಚೊಂಬಿನಷ್ಟು ಔಷಧಿ ನೀರು ಉಳಿದಿತ್ತು. ಚೆಲ್ಲುವುದೇಕೆ ಎಂದುಕೊಂಡೆ. ಔಷಧಿ ಹೊಡೆದ ಸೊಪ್ಪನ್ನು ಹದಿನೈದು ದಿನ ಬಿಟ್ಟು ಕೊಟ್ಟರೆ, ಮುಟ್ಟಿದರೇ ಸಾಯುವಂಥ ರೇಷ್ಮೆ ಹುಳಕ್ಕೇ ಏನೂ ಆಗುವುದಿಲ್ಲ, ಇಷ್ಟು ದೊಡ್ಡ ನಾಯಿಗೆ ಏನಾದೀತು? ಮೈಮೇಲೆ ಹಚ್ಚುವುದು ತಾನೇ, ಕುಡಿಸುವುದಲ್ಲವಲ್ಲ. ಹುಳಕ್ಕೆ ಹದಿನೈದು ದಿನ ಲೆಕ್ಕ ಹಾಕುವ ನಾನು ನಾಯಿಗೆ ಹದಿನೈದು ನಿಮಿಷವೂ ಲೆಕ್ಕ ಹಾಕಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಹಳೇ ಬಟ್ಟೆಯಲ್ಲಿ ಅದ್ದಿ, ಕೆಂಚಿಯ ಕಿವಿಯಿಂದ ಬಾಲದವರೆಗೆ ಚೆನ್ನಾಗಿ ಉಜ್ಜಿದೆ. ನನ್ನ ಕೈ ಕಾಪಾಡಿಕೊಳ್ಳುವ ಬುದ್ಧಿ ಇತ್ತು ನೋಡಿ!

ಪಕ್ಕದ ತಾರಸಿಯ ಮೇಲೆ ಚಿಕ್ಕಮಾವ ಹುರುಳಿ ಹರಡುತ್ತಿದ್ದರು. "ಏನವ್ವಾ ಅದು, ಹಚ್ತಿರದು?" ಎಂದು ಕೇಳಿದರು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. ನಾನು ಈ ಮನೆಯ ಸೊಸೆ, ಮಾತು ಬಿಟ್ಟ ಮನೆಗೆ ಉತ್ತರ ಕೊಡುವುದುಂಟೆ? ಕೇಳಿಸದವಳ ಹಾಗೆ ತಲೆ ತಗ್ಗಿಸಿ ಉಜ್ಜಿದೆ.

ಅರ್ಧ ಗಂಟೆಯಾಗಿರಬೇಕು. ಅಕ್ಕಿ ಆರಿಸುತ್ತಿದ್ದವಳಿಗೆ ಹಿತ್ತಲಲ್ಲಿ ಸರಪಳಿ ಎಳೆದಾಡಿದ ಸದ್ದಾಯಿತು. ಹೋಗಿ ನೋಡಿದರೆ ಕೆಂಚಿಯ ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿದೆ. ತೊಡೆಯ ಮಾಂಸ ತಾನಾಗಿ ಅದುರುತ್ತಿದೆ. ನನ್ನ ಕಡೆ ಬರಲು ಒಂದು ಹೆಜ್ಜೆ ಇಟ್ಟು, ಹಿಂಗಾಲು ಮಡಿಸಿ ಬಿತ್ತು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಅಷ್ಟರಲ್ಲಿ ಟೀ ಕುಡಿಯಲು ಹೋಗಿದ್ದ ಮಾವ ಬಂದರು. ಒಂದು ಸಲ ನೋಡಿದರು.

"ಅಯ್ಯೋ, ದಾಸಂಗ್ ಆದಂಗೇ ಆಯ್ತಾ ಐತಲ್ಲವ್ವಾ!" ಎಂದು ಕೂಗಿ, ದನದ ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿದರು. "ಸಾರ್, ಯಾರೋ ನಮ್ ನಾಯ್ಗೆ ವಿಸ ಹಾಕ್ಬುಟ್ಟವ್ರೆ, ಬೇಗ್ ಬನ್ನಿ." ಫೋನು ಜೋರಾಗಿತ್ತು, ಡಾಕ್ಟರು ಹೇಳಿದ್ದು ನನಗೂ ಕೇಳಿಸಿತು. "ಏನು ವಿಷ ಅಂತ ಗೊತ್ತಾ ಯಜಮಾನ್ರೇ? ಇಲಿ ಪಾಷಾಣಕ್ಕೆ ಒಂದು ಇಂಜೆಕ್ಷನ್, ಬೆಳೆ ಔಷಧಿಗೆ ಬೇರೆ. ಮನೆಯವರನ್ನ ಕೇಳಿ ನೋಡಿ, ನಾನು ಹೊರಡ್ತಿದ್ದೀನಿ, ತಿಳಿದ ಕೂಡಲೇ ಫೋನ್ ಮಾಡಿ."

ಮಾವ ನನ್ನ ಕಡೆ ತಿರುಗಿದರು. "ಏನಾರ ನೋಡುದೇನವ್ವಾ? ಯಾರಾರ ಬಂದಿದ್ರಾ?"

ನಾನು ಹೇಳಲಿಲ್ಲ. ಟ್ಯಾಂಕು ನನ್ನ ಹಿಂದೆಯೇ ಇತ್ತು, ಉಜ್ಜಿದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇನ್ನೂ ಒದ್ದೆಯಾಗಿತ್ತು, ನಾನು "ಗೊತ್ತಿಲ್ಲ ಮಾವ" ಅಂದೆ. ನಾಯಿ ಕೊಂದ ಸೊಸೆ ಎಂದು ಈ ಊರಲ್ಲಿ ಬಾಳುವುದು ಹೇಗೆ ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಒಂದು ನಾಯಿಗಾಗಿ ಒಡಹುಟ್ಟಿದವನನ್ನು ಬಿಟ್ಟ ಮನುಷ್ಯ, ಮೊನ್ನೆ ಬಂದ ನನ್ನನ್ನು ಬಿಡುತ್ತಾರೆಯೇ?

ಆಗ ಗೋಡೆಯ ಆಚೆಯಿಂದ ಚಿಕ್ಕಮಾವನ ದನಿ ಬಂತು. "ತೊಳಿಯವ್ವಾ, ಸೋಪ್ ಹಾಕಿ ತೊಳಿ ಮೊದ್ಲು! ನೆಕ್ಕಾಕ್ ಬುಡ್ಬ್ಯಾಡ!" ಹೇಳುತ್ತಲೇ ಒಂದು ಕೊಡ ನೀರು, ಬಟ್ಟೆ ಸೋಪು ಹಿಡಿದು ಗೋಡೆ ಹತ್ತಿ ನಮ್ಮ ಹಿತ್ತಲಿಗೆ ಇಳಿದೇಬಿಟ್ಟರು. ಅರವತ್ತು ದಾಟಿದ ಮನುಷ್ಯ, ಪಂಚೆ ಹರಿದು ಮೊಣಕಾಲು ತರಚಿತ್ತು.

ಮಾವ ಅವರನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೆ ಮರೆಯಲಾರೆ. "ಮತ್ತೆ ಬಂದ್ಯೇನ್ಲಾ? ಅವತ್ತೂ ಹಿಂಗೇ ಬಂದಿದ್ದೆ. ಕರೀದೆ ಬಂದಿದ್ದೆ. ನಿಂಗ್ ಹೆಂಗ್ಲಾ ಗೊತ್ತಾಯ್ತದೆ ನಮ್ಮನೆ ನಾಯ್ ಸಾಯದು?" ಎಂದು ಮೂಲೆಯಲ್ಲಿದ್ದ ದೊಣ್ಣೆ ಎಳೆದುಕೊಂಡರು. ಚಿಕ್ಕಮಾವ ಓಡಲಿಲ್ಲ. ಕೊಡವನ್ನು ಕೆಳಗಿಟ್ಟು ನಿಂತರು. ನಿಂತು ನನ್ನ ಮುಖ ನೋಡಿದರು.

ಅವರಿಗೆ ಗೊತ್ತಿತ್ತು. ತಾರಸಿಯ ಮೇಲಿಂದ ನಾನು ಉಜ್ಜುವುದನ್ನು ನೋಡಿದ್ದವರಿಗೆ, ಮಾವನ ಕೂಗು ಕೇಳಿದ ಕೂಡಲೇ ಅದೇನೆಂದು ಹೊಳೆದಿತ್ತು. ನಿಮ್ಮ ಸೊಸೆಯನ್ನೇ ಕೇಳಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನನ್ನಿಂದ ಕಣ್ಣು ತೆಗೆದು ನೆಲ ನೋಡುತ್ತಾ, ಹೊಡೆತಕ್ಕೆ ಭುಜ ಒಡ್ಡಿದವರ ಹಾಗೆ ನಿಂತರು. ಇನ್ನೂ ಒಂದು ಕ್ಷಣ ನಾನು ಸುಮ್ಮನೇ ಇದ್ದೆ. ಹೇಗೂ ಮಾತಿಲ್ಲದ ಮನೆ, ಹೇಗೂ ಒಂದು ಅಪವಾದ ಹೊತ್ತವರು, ಇನ್ನೊಂದು ಹೊತ್ತರೆ ಅವರಿಗೇನು ಹೊಸದು ಎಂಬ ಯೋಚನೆ ನನಗೆ ಬಂತು. ನನ್ನೊಳಗೆ ಅಂಥವಳೊಬ್ಬಳು ಇದ್ದಾಳೆ ಎಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ.

ದೊಣ್ಣೆ ಮೇಲೆದ್ದಿತ್ತು. ಕೆಂಚಿ ನೆಲದಲ್ಲಿ ಒದ್ದಾಡುತ್ತಿತ್ತು. ನಾನು ಹೋಗಿ ಮಾವನ ಕೈಗೆ ಜೋತುಬಿದ್ದೆ.

"ಹೊಡೀಬೇಡಿ ಮಾವ! ನಾನೇ ಮಾಡಿದ್ದು. ಟ್ಯಾಂಕಲ್ ಉಳಿದಿದ್ದ ಔಷಧಿ, ಉಣ್ಣೆ ಸಾಯಲಿ ಅಂತ ಮೈಗೆ ನಾನೇ ಹಚ್ಚಿದ್ದು. ಅವರೇನೂ ಮಾಡಿಲ್ಲ."

ದೊಣ್ಣೆ ಬಿತ್ತು. ಚಿಕ್ಕಮಾವನೇ ನನ್ನನ್ನು ಗದರಿದರು, "ಅಳದ್ ಆಮ್ಯಾಕೆ ಅಳೀವಂತೆ, ಡಾಕ್ಟ್ರುಗ್ ಫೋನ್ ಮಾಡಿ ಔಸ್ದಿ ಹೆಸ್ರು ಹೇಳು!" ಬಾಟಲಿ ತಂದು ಅದರ ಮೇಲಿನ ಹೆಸರು ಓದಿ ಹೇಳಿದೆ. ಮೂವರೂ ಸೇರಿ ಕೆಂಚಿಯನ್ನು ತೊಳೆದೆವು. ಹನ್ನೊಂದು ವರ್ಷ ಒಬ್ಬರ ನೆರಳನ್ನು ಒಬ್ಬರು ತುಳಿಯದಿದ್ದ ಅಣ್ಣ ತಮ್ಮ, ಒಬ್ಬರು ತಲೆ ಹಿಡಿದು ಒಬ್ಬರು ಕಾಲು ಹಿಡಿದು ಸೋಪು ಉಜ್ಜಿದರು. ಏಳು ಕೊಡ ನೀರು ಹೊಯ್ದೆವು. ಡಾಕ್ಟರು ಬಂದು ಸೂಜಿ ಚುಚ್ಚುವ ಹೊತ್ತಿಗೆ ಚಿಕ್ಕಮಾವ ಬಂದ ಗೋಡೆಯನ್ನೇ ಹತ್ತಿ ಹೋಗಿಬಿಟ್ಟಿದ್ದರು.

"ಔಷಧಿ ಹೆಸರು ಹೇಳಿದ್ದಕ್ಕೆ ಬಚಾವಾಯ್ತು, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು" ಅಂದರು ಡಾಕ್ಟರು. ನನಗೆ ನಾಲ್ಕು ಮಾತು ಬೈದರು, ಇನ್ನೂ ನಾಲ್ಕು ಬೈಯಬಹುದಿತ್ತು. ಮಾವ ಕೇಳಿದರು, "ಮ್ಯಾಲೆ ಹಚ್ಚಿದ್ದು ಒಳಿಕ್ ಹೆಂಗ್ ಹೋಯ್ತದೆ ಸಾರ್?"

"ಚರ್ಮದಲ್ಲೇ ಇಳಿಯುತ್ತೆ ಯಜಮಾನ್ರೇ. ಮೈ ನೆಕ್ಕಿಕೊಂಡರೆ ಇನ್ನೂ ಬೇಗ."

"ನೊರೆ ಹಿಂಗೇ ಬತ್ತದಾ? ಕಾಲು ಹಿಂಗೇ ಸೆಟೀತವಾ?"

"ಹೌದು. ಇದೇ ಲಕ್ಷಣ."

ಮಾವ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. ನನ್ನ ಮೇಲಿನ ಸಿಟ್ಟು ಇನ್ನು ಸಿಡಿಯುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ, ತಮ್ಮ ಎರಡು ಅಂಗೈ ಬಿಡಿಸಿಕೊಂಡು ನೋಡುತ್ತಿದ್ದರು. ಆಮೇಲೆ ತಾವೇ ಹೇಳಿಕೊಂಡರು, "ದಾಸಂಗೂ ಉಣ್ಣೆ ಹತ್ತಿತ್ತು ಕಣವ್ವ." ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಕೆಂಚಿಯ ನಡುಕ ನಿಂತಿತು. ನಾಲ್ಕು ಗಂಟೆಗೆ ಎದ್ದು ಎರಡು ಗುಟುಕು ನೀರು ಕುಡಿಯಿತು. ಅದು ಕುಡಿದದ್ದನ್ನು ನೋಡಿ ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಬಾವ್ವ ನನ್ ಜೊತೆ" ಅಂದರು. ಗೋಡೆಯ ಕಡೆಯಿಂದಲ್ಲ, ಬೀದಿಯ ಬಾಗಿಲಿಂದ ಹೋದೆವು. ಚಿಕ್ಕಮಾವ ಜಗಲಿಯ ಮೇಲೆ ಮೊಣಕಾಲಿನ ಗಾಯಕ್ಕೆ ಸುಣ್ಣ ಹಚ್ಚಿ ಕೂತಿದ್ದರು. ಮಾವ ಜಗಲಿ ಹತ್ತದೆ ಬೀದಿಯಲ್ಲೇ ನಿಂತರು.

"ಪುಟ್ಟ" ಅಂದರು. "ದಾಸಂಗೆ ಏನಾಗಿತ್ಲಾ ಅವತ್ತು?"

"ಬುಡಣ್ಣ, ಈಗ್ಯಾಕೆ ಆ ಸುದ್ದಿ" ಅಂದರು ಚಿಕ್ಕಮಾವ.

"ಹೇಳ್ಲಾ."

ಬಾಗಿಲ ಹಿಂದಿದ್ದ ಚಿಕ್ಕತ್ತೆ ಆಚೆ ಬಂದರು. ಹನ್ನೊಂದು ವರ್ಷ ತುಟಿ ಕಚ್ಚಿಕೊಂಡಿದ್ದ ಹೆಂಗಸು. "ನಾನ್ ಹೇಳ್ತೀನಿ ತಕಳಿ ಬಾವ. ಅವತ್ತು ನೀವು ಪಂಪ್‌ಸೆಟ್ ತಾವ ಟ್ಯಾಂಕಲ್ ಉಳ್ದಿದ್ದ ಔಸ್ದೀನ ದಾಸನ್ ಮೈಗ್ ಹುಯ್ದು ಉಜ್ತಾ ಇದ್ರಿ. ನಾವಿಬ್ರೂ ಆ ಬದುವಲ್ಲಿ ಹುಲ್ ಕೊಯ್ತಿದ್ವಿ. ಇವ್ರು ಅಣ್ಣಂಗ್ ಹೇಳ್ಬೇಕು ಅಂತ ಬರೋ ಹೊತ್ಗೆ ನೀವು ನಾಯ್ ಕರ್ಕಂಡು ಮನೆಗ್ ಹೋಗಿದ್ರಿ. ಅದ್ಕೇ ಓಡ್ ಬಂದಿದ್ದು. ತೊಳೀರಿ ಅಂತ ಬಡ್ಕಂಡ್ರು. ನೀವ್ ಕೇಳಿಸ್ಕಂಡ್ರಾ? ದೊಣ್ಣೆ ತಗಂಡ್ರಿ."

ಬೀದಿಯಲ್ಲಿ ಹೋಗುತ್ತಿದ್ದವರು ನಿಂತಿದ್ದರು. ಮಾವನಿಗೆ ಅದರ ಪರಿವೆಯಿರಲಿಲ್ಲ. "ಆಮ್ಯಾಕಾದ್ರೂ ಹೇಳ್ಬೌದಾಗಿತ್ತಲ್ಲಾ ಪುಟ್ಟ" ಅಂದರು. "ಅವ್ವ ಸತ್ತಾಗ್ಲಾದ್ರೂ..."

"ಸತ್ತೋದ್ ಮ್ಯಾಲೆ ಹೇಳಿ ಏನಣ್ಣ ಬಂತು" ಅಂದರು ಚಿಕ್ಕಮಾವ. "ನೀನು ಆ ನಾಯ್ನ ಮಗ್ಲಲ್ ಮನಗಿಸ್ಕಂತಿದ್ದೋನು. ನಿನ್ ಕೈಯಾರೆ ಸಾಯಿಸ್ದೆ ಅನ್ನಾಕೆ ನಂಗ್ ಬಾಯ್ ಬರ್ನಿಲ್ಲ. ನನ್ನ ಬೈಕಂಡ್ ಇರ್ಲಿ, ನಾನೇನ್ ಸವ್ದೋಯ್ತೀನಾ ಅಂದ್ಕಂಡೆ. ಒಳಿಕ್ ಬಾ, ಬೀದೀಲ್ ಯಾಕ್ ನಿಂತಿದ್ದೀಯ."

ಮಾವ ಒಳಗೆ ಹೋಗಲಿಲ್ಲ. ಹೋಗಲು ಅವರಿಂದ ಆಗಲಿಲ್ಲ. ತಿರುಗಿ ಮನೆಗೆ ಬಂದು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಅಣ್ಣ ತಮ್ಮ ಕಟ್ಟಿಕೊಂಡು ಅತ್ತರು ಎಂದು ಊರವರು ಕಥೆ ಕಟ್ಟಿದರು, ಅದೆಲ್ಲ ಸುಳ್ಳು. ಹೊಸತೊಡಕಿನ ಬೇಟೆಗೆ ಮಾವ ಹೋಗಲಿಲ್ಲ, ಕೆಂಚಿಯನ್ನೂ ಕಳಿಸಲಿಲ್ಲ. ಆಮೇಲೆ ಯಾವ ವರ್ಷವೂ ಹೋಗಲಿಲ್ಲ. ಸಿಟ್ಟಿದ್ದಷ್ಟು ದಿನ ಗಟ್ಟಿಯಾಗಿದ್ದ ಮನುಷ್ಯ, ಸಿಟ್ಟು ಮಾಡಲು ಯಾರೂ ಇಲ್ಲದೆ ಇಳಿದುಹೋದರು. ಬೀದಿಯಲ್ಲಿ ಚಿಕ್ಕಮಾವ ಎದುರಿಗೆ ಬಂದರೆ ಇವರೇ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುವರು. ಚಿಕ್ಕಮಾವನೇ ದಿನಾ ಬೆಳಿಗ್ಗೆ ಬಂದು, ಕೆಂಚಿಯನ್ನು ಮುಂದೆ ಕೂರಿಸಿಕೊಂಡು ಉಣ್ಣೆ ಕೀಳುತ್ತಾ, ಕೇಳಿದರೂ ಕೇಳದಿದ್ದರೂ ಅಣ್ಣನ ಹತ್ತಿರ ಊರಿನ ಸುದ್ದಿಯೆಲ್ಲ ಹೇಳಿಹೋಗುತ್ತಿದ್ದರು. ಮಾವ ಇನ್ನು ನಾಲ್ಕು ವರ್ಷ ಇದ್ದು ಹೋದರು. ತಿಥಿಗೆ ಒಂದೇ ಶಾಮಿಯಾನ ಹಾಕಿದೆವು.

ನನ್ನನ್ನು ಎಲ್ಲರೂ ಹೊಗಳಿದರು. ಸೊಸೆ ನಿಜ ಹೇಳಿ ನಾಯಿಯನ್ನೂ ಉಳಿಸಿದಳು, ಮನೆಯನ್ನೂ ಕೂಡಿಸಿದಳು ಎಂದರು. ನಾನು ಬಾಯಿ ಬಿಡದೆ ನಿಂತಿದ್ದ ಆ ಎರಡು ನಿಮಿಷದ ಬಗ್ಗೆ ಯಾರೂ ಕೇಳಲಿಲ್ಲ, ಯಾಕೆಂದರೆ ಅದು ಗೊತ್ತಿದ್ದವರು ಅಣ್ಣ ತಮ್ಮ ಇಬ್ಬರೇ. ಮಾವನ ತಿಥಿ ಕಳೆದ ಮಾರನೇ ದಿನ ಚಿಕ್ಕಮಾವ ಜಗಲಿಯಲ್ಲಿ ಒಬ್ಬರೇ ಕೂತಿದ್ದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಚಿಕ್ಮಾವ, ಅವತ್ತು ನಾನು ಬಾಯಿ ಬಿಡದೇ ಹೋಗಿದ್ದರೆ ಏನು ಮಾಡ್ತಿದ್ರಿ?"

ಅವರು ಕೆಂಚಿಯ ಕಿವಿಯಿಂದ ಕೈ ತೆಗೆಯದೆ ಹೇಳಿದರು. "ಏನಿಲ್ಲವ್ವ, ಏಟು ತಿಂತಿದ್ದೆ. ದೊಣ್ಣೆ ಏಟು ಅಂದ್ರೆ ಎರಡು ದಿನ ನೋಯ್ತದೆ. ನೀನು ಈ ಮನೇಲಿ ಇನ್ನೂ ನಲ್ವತ್ತು ವರ್ಸ ಬಾಳ್ಬೇಕಲ್ಲ."